ರೈವಲ್‌ಗೆ ‘ದಾಯಾದಿ’ ಅನ್ನಬಹುದೇ?

ಹಾಸನದಲ್ಲಿ ಚಿತ್ರ ಕಲಿಯುವ ಮಕ್ಕಳಿಗಾಗಿ ಇಪ್ಪತ್ತನೇ ಶತಮಾನದ ದೊಡ್ಡ ಚಿತ್ರಕಾರರಾದ ಮತೀಸ್ ಮತ್ತು ಪಿಕಾಸೊ ಬಗ್ಗೆ ನಾಲ್ಕು ಪುಟ ಬರೆಯಲು ಕೂತಿದ್ದೇನೆ. ಮೊದಲ ಸಾಲಿಗೇ ನಿಂತುಬಿಟ್ಟೆ. ಇಂಗ್ಲಿಷಿನವರು ಈ ಇಬ್ಬರನ್ನು ರೈವಲ್ಸ್ ಅನ್ನುತ್ತಾರೆ. ನಾವು ಏನನ್ನೋಣ?

‘ಪ್ರತಿಸ್ಪರ್ಧಿ’ ಅಂದ ಕೂಡಲೇ ಚುನಾವಣೆ ನೆನಪಾಗುತ್ತದೆ. ‘ಎದುರಾಳಿ’ ಕಬಡ್ಡಿಯ ಮಾತು, ಆಟ ಮುಗಿದರೆ ಸಂಬಂಧವೂ ಮುಗಿಯಿತು. ‘ಜಿದ್ದು’ ಹತ್ತಿರ ಬರುತ್ತದೆ, ಆದರೆ ಅದು ಮನುಷ್ಯನಿಗೆ ಹೆಸರಾಗುವುದಿಲ್ಲ. ನಮ್ಮ ಬೇಲೂರಿನಲ್ಲೇ ಚಾವಣ ಎಂಬ ಶಿಲ್ಪಿ, ಬಿರುದು ಹೊತ್ತ ರೂವಾರಿಗಳೆಂಬ (ಶಿಲ್ಪಿಗಳೆಂಬ) ಮದನನಿಗೆ ತಾನು ಅವನನ್ನು ಸುಟ್ಟ ಮಹೇಶ ಎಂದು ವಿಗ್ರಹದ ಬುಡದಲ್ಲಿ ಕೆತ್ತಿಸಿದ್ದಾನೆ. ಎಷ್ಟು ಚೆಂದದ ಮಾತು! ಆದರೆ ಅದು ಗೆದ್ದವನ ಮಾತು, ಮತೀಸ್, ಪಿಕಾಸೊ ಇಬ್ಬರಲ್ಲಿ ಯಾರೂ ಗೆಲ್ಲಲಿಲ್ಲ.

1907ರಲ್ಲಿ ಇಬ್ಬರೂ ಒಂದೊಂದು ಚಿತ್ರ ಅದಲುಬದಲು ಮಾಡಿಕೊಂಡರು. ಪಿಕಾಸೊ ಆರಿಸಿದ್ದು ಮತೀಸ್ ಬರೆದ ಮಗಳ ಚಿತ್ರ. ಕತ್ತಿಗೆ ಕಪ್ಪು ಪಟ್ಟಿ, ಮುಖ ನಮ್ಮ ಕಡೆಗೇ ಇದ್ದರೂ ಮೂಗು ಮಾತ್ರ ಪಕ್ಕದಿಂದ ನೋಡಿದ ಹಾಗೆ, ಮೇಲೆ ‘ಮಾರ್ಗರೀಟ್’ ಅಂತ ಮಕ್ಕಳು ಬರೆದಂಥ ಅಕ್ಷರ. ಪಿಕಾಸೊನ ಗೆಳೆಯರು ಅದಕ್ಕೆ ಆಟಿಕೆಯ ಬಾಣ ಎಸೆದು ನಕ್ಕರಂತೆ. ಅವನು ಮಾತ್ರ ಸಾಯುವವರೆಗೂ ಅದನ್ನು ಕೈಬಿಡಲಿಲ್ಲ.

ಅದಕ್ಕೇ ನನಗೆ ‘ದಾಯಾದಿ’ ಹೊಳೆಯಿತು. ದಾಯ ಅಂದರೆ ಹಿರಿಯರ ಆಸ್ತಿಯಲ್ಲಿ ಬರುವ ಪಾಲು ಅಲ್ವಾ? ಇಬ್ಬರಿಗೂ ಹಿರಿಯ, ಅವರಿಗಿಂತ ಹಿಂದಿನ ತಲೆಮಾರಿನ ಫ್ರೆಂಚ್ ಚಿತ್ರಕಾರ ಸೆಜಾನ್. ಮತೀಸ್ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, 1899ರಲ್ಲಿ, ಸೆಜಾನನ ಸ್ನಾನದ ಹೆಂಗಸರ ಒಂದು ಸಣ್ಣ ಚಿತ್ರ ಕೊಂಡು 37 ವರ್ಷ ಇಟ್ಟುಕೊಂಡ. ಪಿಕಾಸೊ 1907ರಲ್ಲಿ ಐದು ಹೆಂಗಸರ ದೊಡ್ಡ ಚಿತ್ರ ಬರೆದಾಗ ಅವನ ಕಣ್ಣ ಮುಂದೆ ಸೆಜಾನನೂ ಇದ್ದ, ಮತೀಸನೂ ಇದ್ದ. ಒಂದೇ ಹೊಲ, ಇಬ್ಬರು ಉತ್ತರು, ಬೇರೆ ಬೇರೆ ಬೆಳೆ ತೆಗೆದರು.

ದಾಯಾದಿ ಅಂದರೆ ಬರೀ ಮತ್ಸರ, ಬದುವಿನ ಜಗಳ ಅನ್ನುವವರೇ ಜಾಸ್ತಿ ಅಂತ ಗೊತ್ತು. ಆದರೆ ನಮ್ಮೂರಲ್ಲಿ ವರ್ಷಗಟ್ಟಲೆ ಮಾತು ಬಿಟ್ಟ ದಾಯಾದಿಗಳೂ ಸಾವಾದರೆ ಸೂತಕ ಹಿಡಿಯುತ್ತಾರೆ. 1954ರ ನವೆಂಬರಿನಲ್ಲಿ ಮತೀಸ್ ತೀರಿಕೊಂಡ. ಮುಂದಿನ ತಿಂಗಳೇ ಪಿಕಾಸೊ ಅಲ್ಜೀರಿಯಾದ ಹೆಂಗಸರ ಚಿತ್ರ ಶುರುಮಾಡಿ, ಸುಮ್ನೆ ಒಂದೆರಡಲ್ಲ, 15 ಬರೆದ. ಮತೀಸ್ ತನ್ನ ಚಿತ್ರಗಳಲ್ಲಿ ಬರೆಯುತ್ತಿದ್ದ ಅಂತಃಪುರದ ಹೆಂಗಸರನ್ನು ನನಗೆ ಆಸ್ತಿಯಾಗಿ ಬಿಟ್ಟುಹೋದ ಅಂತ ಹೇಳಿಕೊಂಡ.

ಚಿಕ್ಕಮಗಳೂರು, ಮೂಡಿಗೆರೆ ಕಡೆಯವರು ಹೇಳಿ, ನಿಮ್ಮಲ್ಲಿ ‘ದಾಯಾದಿ’ಯನ್ನು ಹಗೆಯಿಲ್ಲದೆ ಬಳಸುತ್ತೀರಾ? ಮಕ್ಕಳ ಪಾಠದಲ್ಲಿ ಹಾಕಿದರೆ ತಪ್ಪು ಅರ್ಥ ಹೋದೀತೇ?