‘ಬೆರೆತ’, ‘ಒಗ್ಗಿದ’, ‘ಹುದುಗಿದ’: ವೈನರಿ ಕಟ್ಟಡಗಳ ಮಟ್ಟಿಗೆ ಯಾವ ಮಾತು ಸರಿ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಳೆದ ಮೂರು ದಶಕಗಳಲ್ಲಿ ಕಟ್ಟಲಾದ ಕೆಲವು ವೈನರಿಗಳ, ಅಂದರೆ ದ್ರಾಕ್ಷಿಯಿಂದ ವೈನ್ ತಯಾರಿಸುವ ಕಟ್ಟಡಗಳ, ವಾಸ್ತುವಿನ್ಯಾಸವನ್ನು ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಇಂಥ ಕಟ್ಟಡಗಳ ಬಗ್ಗೆ ಬರೆಯುವಾಗ ‘ಸುತ್ತಲಿನ ಹಳ್ಳಿಗಾಡಿನೊಂದಿಗೆ ಬೆರೆತುಹೋಗಿದೆ’ ಎಂಬ ಮಾತು ತಾನಾಗಿಯೇ ಲೇಖನಿಗೆ ಬಂದುಬಿಡುತ್ತದೆ. ಆದರೆ ಬೆರೆಯುವುದೆಂದರೆ ಹಾಲಿಗೆ ನೀರು ಸೇರಿದ ಹಾಗೆ, ಯಾವುದು ಯಾವುದೆಂದು ತಿಳಿಯದಂತೆ ಒಂದಾಗುವುದು. ನಾನು ಬರೆಯುತ್ತಿರುವ ಕಟ್ಟಡಗಳಲ್ಲಿ ಯಾವುದೂ ಹಾಗೆ ಒಂದಾಗುವುದಿಲ್ಲ. ನೆಲದೊಂದಿಗೆ ಒಂದೊಂದರ ನಡವಳಿಕೆಯೂ ಬೇರೆ. ಆದ್ದರಿಂದ ಒಂದೊಂದಕ್ಕೂ ತಕ್ಕ ಕ್ರಿಯಾಪದ ಯಾವುದೆಂಬುದು ನನ್ನ ಮುಖ್ಯ ಪ್ರಶ್ನೆ.

ಮೊದಲನೆಯದು ಅಮೆರಿಕದ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ, ಯೌಂಟ್‌ವಿಲ್ ಊರಿನ ಬಳಿ ಇರುವ ಡೊಮಿನಸ್ ವೈನರಿ. ಸ್ವಿಟ್ಜರ್ಲೆಂಡಿನ ಹರ್ಜೋಗ್ ಮತ್ತು ಡಿ ಮ್ಯೂರೋನ್ ಜೋಡಿ ವಿನ್ಯಾಸಗೊಳಿಸಿದ ಈ ಕಟ್ಟಡ 1998ರಲ್ಲಿ ಪೂರ್ಣಗೊಂಡಿತು. ಸುಮಾರು 100 ಮೀಟರ್ ಉದ್ದ, 25 ಮೀಟರ್ ಅಗಲ, 9 ಮೀಟರ್ ಎತ್ತರದ ಒಂದೇ ಒಂದು ಉದ್ದನೆಯ ಪೆಟ್ಟಿಗೆ. ದ್ರಾಕ್ಷಿ ಸಾಲುಗಳ ನಡುವೆ ನೇರವಾಗಿ ನಿಂತಿದೆ, ಎಲ್ಲಿಯೂ ಅಡಗಿಲ್ಲ. ಅದರ ಹೊರಗೋಡೆ ಗೇಬಿಯನ್ನಿನದು, ಅಂದರೆ ತಂತಿಯ ಜಾಲರಿ ಪೆಟ್ಟಿಗೆಗಳೊಳಗೆ ಗಾರೆಯಿಲ್ಲದೆ ತುಂಬಿದ ಕಲ್ಲಿನದು. ನದಿಯ ದಂಡೆ ಕುಸಿಯದಂತೆಯೂ ಘಾಟಿ ರಸ್ತೆಯ ಬದಿ ಜಾರದಂತೆಯೂ ಕಟ್ಟುವ ಈ ಸಾಧನವನ್ನು ಅವರು ಕಟ್ಟಡದ ಮೈಯಾಗಿ ಬಳಸಿದರು. ತುಂಬಿರುವುದು ಹತ್ತಿರದ ಅಮೆರಿಕನ್ ಕ್ಯಾನ್ಯನ್ ಎಂಬಲ್ಲಿಂದ ತಂದ, ಹಸಿರುಗಪ್ಪಿನಿಂದ ಕಡುಗಪ್ಪಿನವರೆಗೆ ಛಾಯೆಗಳಿರುವ ಬಸಾಲ್ಟ್ ಕಲ್ಲು. ಕಲ್ಲನ್ನು ಎಲ್ಲೆಡೆ ಒಂದೇ ಸಮನೆ ತುಂಬಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ವಿವರ: ಬುಡದಲ್ಲಿ ಬುಡುಬುಡಿಕೆ ಹಾವುಗಳು (ರ‍್ಯಾಟಲ್‌ಸ್ನೇಕ್) ನುಸುಳದಂತೆ ಒತ್ತಾಗಿಯೂ, ಬೆಳಕು ಗಾಳಿ ಬೇಕಾದ ಕಡೆ ಸಂದುಗಳು ಉಳಿಯುವಂತೆ ಸಡಿಲವಾಗಿಯೂ ತುಂಬಿದ್ದಾರೆ. ಹಗಲಿನಲ್ಲಿ ಆ ಸಂದುಗಳಿಂದ ಬಿಸಿಲು ಚೂರುಚೂರಾಗಿ ಒಳಗೆ ಬೀಳುತ್ತದೆ, ರಾತ್ರಿ ಒಳಗಿನ ದೀಪದ ಬೆಳಕು ಹೊರಗೆ ಸೋರುತ್ತದೆ.

ಹಗಲು ಸುಡುವ, ರಾತ್ರಿ ಕೊರೆಯುವ ಆ ಕಣಿವೆಯಲ್ಲಿ ದಪ್ಪ ಕಲ್ಲಿನ ಈ ಪದರವೇ ಒಳಗಿನ ತಾಪಮಾನದ ಏರಿಳಿತವನ್ನು ತಗ್ಗಿಸುತ್ತದೆ. ಆದಕಾರಣ ಇದಕ್ಕೆ ‘ಒಗ್ಗು’ ಎಂಬ ಕ್ರಿಯಾಪದವನ್ನು ಬಳಸಬಹುದೆಂದು ನನ್ನ ಊಹೆ. ‘ಹೊಸ ಊರಿನ ನೀರು ಒಗ್ಗಲಿಲ್ಲ’, ‘ಆ ಹವೆ ಮೈಗೆ ಒಗ್ಗುತ್ತದೆ’ ಎನ್ನುವಾಗ ನಾವು ಹೇಳುವುದು ಹೊರಗಿನಿಂದ ಬಂದವರು ತಮ್ಮತನ ಬಿಡದೆ ಒಂದು ಜಾಗದಲ್ಲಿ ಬಾಳುವಂತಾಗುವುದನ್ನು. ಆದರೆ ಈ ಪ್ರಯೋಗ ಸಾಮಾನ್ಯವಾಗಿ ಜೀವವಿರುವುದರ ಬಗ್ಗೆ ನಡೆಯುತ್ತದೆ. ‘ಕಣಿವೆಯ ಹವೆಗೆ ಒಗ್ಗಿದ ಕಟ್ಟಡ’ ಎಂದರೆ ನಿಮ್ಮ ಕಿವಿಗೆ ಕೃತಕವಾಗಿ ಕೇಳುತ್ತದೆಯೇ?

ಎರಡನೆಯದು ಇಟಲಿಯ ಟಸ್ಕನಿಯಲ್ಲಿ, ಫ್ಲಾರೆನ್ಸಿನ ದಕ್ಷಿಣಕ್ಕೆ ಬಾರ್ಜಿನೋ ಎಂಬಲ್ಲಿ ಆಂತಿನೋರಿ ಮನೆತನ ಕಟ್ಟಿಸಿದ ವೈನರಿ. 1385ರಿಂದ ದ್ರಾಕ್ಷಾರಸದ ವ್ಯವಹಾರದಲ್ಲಿರುವ ಮನೆತನವದು. ಆರ್ಕಿಯಾ ಅಸೋಸಿಯಾತಿ ಸಂಸ್ಥೆ ರೂಪಿಸಿದ ಈ ಕಟ್ಟಡ 2012ರಲ್ಲಿ ತೆರೆಯಿತು. ಇಲ್ಲಿ ಗುಡ್ಡವನ್ನು ಅಗೆದು ಕಟ್ಟಡವನ್ನು ಒಳಗಿಟ್ಟು, ಚಾವಣಿಯ ಮೇಲೆ ಮತ್ತೆ ಮಣ್ಣು ಹಾಸಿ ದ್ರಾಕ್ಷಿಯನ್ನೇ ನೆಟ್ಟಿದ್ದಾರೆ. ದೂರದಿಂದ ನೋಡಿದರೆ ಗುಡ್ಡದ ಮೈಯಲ್ಲಿ ಅಡ್ಡಡ್ಡಲಾಗಿ ಸೀಳಿದ ಎರಡು ಗೆರೆಗಳಷ್ಟೇ ಕಾಣುತ್ತವೆ. ಪೀಪಾಯಿಗಳಿರುವ ಕೋಣೆಗಳಿಗೆ ಸುಟ್ಟ ಮಣ್ಣಿನ ಕಮಾನು ಚಾವಣಿ. ಸುತ್ತಲಿನ ಮಣ್ಣೇ ಅವನ್ನು ತಂಪಾಗಿಡುತ್ತದೆ. ಸ್ಪೇನಿನ ಕೆಟಲೋನಿಯಾದಲ್ಲಿ, ಪಾಲಾಮೋಸ್ ಬಳಿ ಇರುವ ಬೆಲ್‌ಯೋಕ್ ವೈನರಿಯೂ (2007) ಹೀಗೆಯೇ ನೆಲದಡಿಯದು. ಅದನ್ನು ರೂಪಿಸಿದ ಆರ್‌ಸಿಆರ್ ಸಂಸ್ಥೆಯ ಮೂವರು ವಾಸ್ತುಶಿಲ್ಪಿಗಳಿಗೆ 2017ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಅಲ್ಲಿ ಮಣ್ಣನ್ನು ತಡೆದು ನಿಲ್ಲಿಸಿರುವುದು ಓರೆಯಾಗಿ ನಿಲ್ಲಿಸಿದ ತುಕ್ಕುಬಣ್ಣದ ಉಕ್ಕಿನ ಹಲಗೆಗಳು.

ಈ ಎರಡಕ್ಕೂ ನನಗೆ ಹೊಳೆದದ್ದು ‘ಹುದುಗು’. ‘ಅಡಗು’ ಎಂದರೆ ಯಾರಿಗೋ ಹೆದರಿ ಬಚ್ಚಿಟ್ಟುಕೊಂಡ ಭಾವ ಬರುತ್ತದೆ, ‘ಹೂತು’ ಎಂದರೆ ಸಾವಿನ ನೆನಪಾಗುತ್ತದೆ, ‘ಲೀನವಾಗು’ ಎಂಬುದು ಅಧ್ಯಾತ್ಮದ ಕಡೆಗೆ ಎಳೆಯುತ್ತದೆ. ‘ಗುಡ್ಡದಲ್ಲಿ ಹುದುಗಿರುವ ಕಟ್ಟಡ’ ಎಂದಾಗ ಈ ಯಾವ ತೊಡಕೂ ಇಲ್ಲ. ಇಲ್ಲಿ ಬೇರೊಂದು ತೊಡಕು, ಅಥವಾ ಸೊಗಸು, ಎದುರಾಗುತ್ತದೆ. ದೋಸೆ ಹಿಟ್ಟು ‘ಹುದುಗು ಬಂದಿದೆ’ ಎನ್ನುವುದೂ, ವಿಜ್ಞಾನದ ಪಠ್ಯಗಳಲ್ಲಿ ಸಕ್ಕರೆ ಮದ್ಯಸಾರವಾಗುವ ಕ್ರಿಯೆಯನ್ನು ‘ಹುದುಗುವಿಕೆ’ ಎನ್ನುವುದೂ ಇದೇ ರೂಪದಿಂದ. ವೈನರಿಯ ಒಳಗೆ ನಡೆಯುವುದೇ ಆ ಕೆಲಸವಾದ್ದರಿಂದ, ‘ಗುಡ್ಡದೊಳಗೆ ಹುದುಗಿರುವ ವೈನರಿ’ ಎಂಬ ವಾಕ್ಯದಲ್ಲಿ ಓದುಗರಿಗೆ ಗೊಂದಲವಾದೀತೇ, ಇಲ್ಲವೇ ಶ್ಲೇಷೆಯನ್ನು ಬೇಕೆಂದೇ ಮಾಡಿದಂತೆ ತೋರೀತೇ? ‘ಅಡಗಿರು’ ಎಂಬ ಅರ್ಥದ ಹುದುಗೂ ‘ಹುಳಿಬರು’ ಎಂಬ ಅರ್ಥದ ಹುದುಗೂ ಒಂದೇ ಬೇರಿನವೋ, ಬೇರೆಬೇರೆ ಪದಗಳು ಕಾಲಾಂತರದಲ್ಲಿ ಒಂದೇ ರೂಪಕ್ಕೆ ಬಂದಿವೆಯೋ? ನಿಘಂಟುಗಳೊಂದಿಗೆ ಒಡನಾಟವಿರುವವರು, ಹಳಗನ್ನಡ ಪ್ರಯೋಗಗಳಿದ್ದರೆ ಅವುಗಳ ಸಹಿತ, ದಯಮಾಡಿ ತಿಳಿಸಬೇಕು.

ಇನ್ನು ನಾಮಪದಗಳ ವಿಷಯ. ‘ವೈನರಿ’ಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ದ್ರಾಕ್ಷಿಯ ಆಲೆಮನೆ’ ಎನ್ನೋಣವೇ ಎಂಬ ಯೋಚನೆ ಬಂದದ್ದುಂಟು. ಆದರೆ ಆಲೆಮನೆಯಲ್ಲಿ ಹಿಂಡಿದ ರಸ ಅಂದೇ ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುತ್ತದೆ, ವೈನರಿಯಲ್ಲಾದರೆ ಹಿಂಡುವುದು ಕೆಲವೇ ದಿನಗಳ ಕೆಲಸ, ಕಾಯುವುದು ತಿಂಗಳುಗಟ್ಟಲೆ. ಹೋಲಿಕೆ ದಾರಿ ತಪ್ಪಿಸುತ್ತದೆಂದು ಕೈಬಿಟ್ಟೆ.

ಪೀಪಾಯಿಗಳನ್ನು ಇಡುವ ಜಾಗಕ್ಕೆ ‘ನೆಲಮಾಳಿಗೆ’ ಎನ್ನುವುದು ರೂಢಿ. ಬಾರ್ಜಿನೋ, ಪಾಲಾಮೋಸ್‌ಗಳಲ್ಲಿ ಇದು ಸಲ್ಲುತ್ತದೆ. ಡೊಮಿನಸ್‌ನಲ್ಲಿ ಮಾತ್ರ ಪೀಪಾಯಿಗಳಿರುವುದು ನೆಲಮಟ್ಟದ ಅಂತಸ್ತಿನಲ್ಲಿ, ಕಚೇರಿ ಅದರ ಮೇಲೆ. ಅದನ್ನು ನೆಲಮಾಳಿಗೆ ಎಂದರೆ ಕಟ್ಟಡದ ಚಿತ್ರವೇ ತಲೆಕೆಳಗಾಗುತ್ತದೆ. ಹಾಗಾಗಿ ಎಲ್ಲೆಡೆ ‘ಪೀಪಾಯಿ ಕೋಣೆ’ ಎಂದು ಬರೆದಿದ್ದೇನೆ. ಬಯಲುಸೀಮೆಯಲ್ಲಿ ನೆಲದೊಳಗೆ ಜೋಳ ತುಂಬಿಡುವ ‘ಹಗೇವು’ ನೆಲದಡಿಯ ಕೋಣೆಗಳಿಗೆ ಒದಗೀತೇ ಎಂಬುದೂ ಚರ್ಚೆಗೆ ತಕ್ಕ ವಿಷಯ. ಹಗೇವು ತುಂಬಿ ಮುಚ್ಚಿಡುವ ಗುಂಡಿ, ಮನುಷ್ಯರು ದಿನವೂ ಓಡಾಡುವ ಕೋಣೆಯಲ್ಲ ಎಂಬ ಆಕ್ಷೇಪಣೆ ನನ್ನದೇ ಇದೆ.

ಗೇಬಿಯನ್ನಿಗೆ ಸಂಬಂಧಿಸಿ ಕೊನೆಯ ಪ್ರಶ್ನೆ. ಇಟಲಿ ಭಾಷೆಯ ಮೂಲದಲ್ಲಿ ಅದರ ಅರ್ಥ ದೊಡ್ಡ ಪಂಜರ ಎಂದು. ‘ಕಲ್ಲುಪಂಜರ’ ಎಂದು ಬರೆದರೆ ಅರ್ಥ ಒಡನೆ ತಿಳಿಯುತ್ತದೆ, ಆದರೆ ಕಲ್ಲಿನಿಂದ ಮಾಡಿದ ಪಂಜರವೆಂದೂ ಓದಿಕೊಳ್ಳಬಹುದು. ವಿಜಯಪುರದ ಕಡೆ ದ್ರಾಕ್ಷಿ ತೋಟಗಳ ಕೆಳಗಿರುವುದೂ ಬಸಾಲ್ಟೇ. ಅಲ್ಲಿ ತೋಟದಿಂದ ಆಯ್ದ ಕಲ್ಲನ್ನು ಗಾರೆಯಿಲ್ಲದೆ ಪೇರಿಸಿದ ಗೋಡೆಗೆ, ಅಥವಾ ತಂತಿಬಲೆಯಲ್ಲಿ ಕಲ್ಲು ತುಂಬಿ ಕಟ್ಟಿದ ಒಡ್ಡಿಗೆ ರೈತರೂ ಒಡ್ಡರೂ ಬಳಸುವ ಮಾತು ಬಲ್ಲವರು ಈ ಬಳಗದಲ್ಲಿದ್ದರೆ ದಯವಿಟ್ಟು ಬರೆಯಿರಿ.