ಸಹಾಯ ಬೇಕು: ವಿಸ್ಬಿಯ ಮಧ್ಯಯುಗದ ಹಬ್ಬಕ್ಕೆ ಅವ್ವನ ಜೊತೆ ಒಂದು ದಿನ

ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಟಾಕ್‌ಹೋಮ್‌ನಲ್ಲಿ. ಆಗಸ್ಟ್‌ನಲ್ಲಿ ಗೋಟ್ಲ್ಯಾಂಡ್ ದ್ವೀಪದ ವಿಸ್ಬಿಯಲ್ಲಿ ಮಧ್ಯಯುಗದ ವಾರ ನಡೆಯುತ್ತದಲ್ವಾ, 1984ರಲ್ಲಿ ಶುರುವಾದ ಹಬ್ಬ, ಅದಕ್ಕೆ ಅವ್ವನನ್ನು ಕರೆದುಕೊಂಡು ಹೋಗಬೇಕು ಅಂತ ತುಂಬಾ ಆಸೆ.

ಅವ್ವ ಇಳಕಲ್‌ನವರು. ನಲವತ್ತು ವರ್ಷ ಮಗ್ಗದಲ್ಲಿ ಕೂತವರು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವುದರಲ್ಲಿ ಅವರ ಕೈ ಈಗಲೂ ಚುರುಕು. ವಿಸ್ಬಿಯ ಹಬ್ಬದಲ್ಲಿ ಮೂಲೆಗೊಂದು ತೂತಿರುವ ಪುಟ್ಟ ಚೌಕದ ಬಿಲ್ಲೆಗಳಲ್ಲಿ ದಾರ ಪೋಣಿಸಿ, ಬಿಲ್ಲೆ ತಿರುಗಿಸುತ್ತಾ ಅಂಚಿನ ಪಟ್ಟಿ ನೇಯುತ್ತಾರೆ. ಅದರ ವಿಡಿಯೋ ನೋಡಿದಾಗಿನಿಂದ "ಮಗ್ಗ ಇಲ್ದ ಹೆಂಗ ನೇಯ್ತಾರ" ಅಂತ ದಿನಾ ಕೇಳುತ್ತಿದ್ದಾರೆ.

ಹೋಗಿ ಬಂದವರು ದಯವಿಟ್ಟು ಹೇಳಿ. ನೇಕಾರರು ಸಂತೆಯಲ್ಲಿ ಯಾವ ಕಡೆ ಕೂರುತ್ತಾರೆ? ಸುಮ್ನೆ ಪಕ್ಕ ಕೂತು ಕಲಿಯಲು ಬಿಡುತ್ತಾರಾ, ಮೊದಲೇ ಬುಕ್ ಮಾಡಬೇಕಾ? ಹಡಗಿನಲ್ಲೇ ಒಂದು ಕಡೆಗೆ ಮೂರು ಗಂಟೆಗೂ ಜಾಸ್ತಿ, ಅದೇ ದಿನ ವಾಪಸ್ ಬಂದರೆ ಅವ್ವನಿಗೆ ಸುಸ್ತಾಗುತ್ತದಾ? ಕೋಟೆಗೋಡೆಯೊಳಗೆ ಕಲ್ಲು ಹಾಸಿದ ಏರುದಾರಿಗಳಿವೆ, ಅವರಿಗೆ ಮಂಡಿನೋವು. ಏರು ಕಮ್ಮಿ ಇರುವ ದಾರಿ ಗೊತ್ತಿದ್ದರೆ ತಿಳಿಸಿ. ಹಾಂ, ಅವ್ವ ಮಾಂಸ ತಿನ್ನುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಲೇ?