ಅಲೈನರ್ 11ನೇ ಟ್ರೇ: ಒಂದೇ ಒಂದು ಹಲ್ಲು ಕೂರುತ್ತಿಲ್ಲ, 12ಕ್ಕೆ ಹೋಗಲಾ ಬೇಡವಾ?

ಹನ್ನೊಂದರಲ್ಲಿ ನಿಂತವ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿಕೊಂಡಿದ್ದವು. ಈ ವಯಸ್ಸಿನಲ್ಲಿ ತಂತಿ ಕ್ಲಿಪ್ ಬೇಡ ಅಂತ ಪಾರದರ್ಶಕ ಅಲೈನರ್ (ಹಲ್ಲಿನ ಮೇಲೆ ಕೂತು ಅದನ್ನು ಸ್ವಲ್ಪ ಸ್ವಲ್ಪವೇ ಸರಿಸುವ ಪ್ಲಾಸ್ಟಿಕ್ ಅಚ್ಚು, ಅದೇ ಟ್ರೇ) ಹಾಕಿಸಿಕೊಂಡೆ. ಒಟ್ಟು 24 ಜೊತೆ ಟ್ರೇ, ಒಂದೊಂದಕ್ಕೆ 10 ದಿನ. ಈಗ 11ನೆಯದು ನಡೆಯುತ್ತಿದೆ.

ಮೊದಲ ಎಂಟು ಟ್ರೇ ಏನೂ ತಕರಾರಿಲ್ಲದೆ ಕೂತವು. 9ರಿಂದ ಶುರುವಾಯಿತು ತಲೆನೋವು. ಮೇಲಿನ ಸಾಲಿನಲ್ಲಿ ಬಲಗಡೆ, ನಡುವಿನ ದೊಡ್ಡ ಬಾಚಿ ಹಲ್ಲಿಗೂ ಕೋರೆ ಹಲ್ಲಿಗೂ ಮಧ್ಯೆ ಒಂದು ಪುಟ್ಟ ಹಲ್ಲಿದೆಯಲ್ಲ, ಅದು ಟ್ರೇ ಒಳಗೆ ಪೂರ್ತಿ ಹೋಗುತ್ತಿಲ್ಲ. ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ನಡುವೆ ಖಾಲಿ ಜಾಗ ಕಾಣುತ್ತದೆ. 9ರಲ್ಲಿ ಕೂದಲೆಳೆಯಷ್ಟಿತ್ತು. 10ರಲ್ಲಿ ಸ್ವಲ್ಪ ಜಾಸ್ತಿ. ಈಗ ಹತ್ತಿರ ಹತ್ತಿರ 1 ಮಿಲಿಮೀಟರ್. ಉಳಿದ ಹಲ್ಲುಗಳೆಲ್ಲ ಸರಿಯಾಗಿಯೇ ಕೂತಿವೆ.

ದಿನಕ್ಕೆ 22 ಗಂಟೆ ಹಾಕಿಕೊಳ್ಳುತ್ತೇನೆ. ಇನ್ನು ನಾಲ್ಕು ದಿನಕ್ಕೆ 12ಕ್ಕೆ ಹೋಗಬೇಕು. ಕ್ಲಿನಿಕ್ ಭೇಟಿ ಐದು ವಾರ ದೂರ ಇದೆ. ಹೋಗಲಾ, ನಿಲ್ಲಲಾ?

ಓಟಗಾರ

ನನಗೂ ಹೀಗೇ ಆಗಿತ್ತು. ಸುಮ್ನೆ ಮುಂದಿನ ಟ್ರೇ ಹಾಕಿಕೊಂಡು ಹೋದೆ. ಎರಡು ಟ್ರೇ ಆದ ಮೇಲೆ ತಾನಾಗೇ ಸರಿಹೋಯಿತು. ಜಾಸ್ತಿ ಯೋಚನೆ ಮಾಡಬೇಡಿ.

ನಿಧಾನಿ

ಚೂಯಿ ಕಚ್ಚುತ್ತಿದ್ದೀರಾ? ಟ್ರೇ ಜೊತೆ ಬರುವ ಆ ಮೆತ್ತನೆ ರಬ್ಬರ್ ಸುರುಳಿ. ಬಹಳ ಜನ ಅದನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ಟ್ರೇ ಹಾಕಿದ ಮೇಲೆ ಆ ಹಲ್ಲಿನ ಕೆಳಗೇ ಇಟ್ಟು ಐದು ನಿಮಿಷ ಕಚ್ಚಿ. ಒಂದು ಸಲ ಗಟ್ಟಿಯಾಗಿ ಕಚ್ಚಿ ಎಂಟು ಹತ್ತು ಸೆಕೆಂಡ್ ಹಾಗೇ ಹಿಡಿಯಿರಿ, ಬಿಡಿ, ಮತ್ತೆ ಕಚ್ಚಿ. ದಿನಕ್ಕೆ ಎರಡು ಮೂರು ಸಲ. ಅಗಿಯುವುದಲ್ಲ, ಒತ್ತುವುದು.

ಬಿಳಿ ಕೋಟು

ನಾನು ಹಲ್ಲಿನ ಕ್ಲಿನಿಕ್ಕಿನಲ್ಲೇ ಕೆಲಸ ಮಾಡುವುದು. ನಿಮ್ಮ ಬಾಯಿ ನೋಡದೆ ಇದೇ ಕಾರಣ ಅಂತ ಹೇಳಲಾರೆ. ಆದರೆ ಓಟಗಾರರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಜಾಗ ಅರ್ಧ ಮಿಲಿಮೀಟರಿನ ಒಳಗಿದ್ದು, ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಚೂಯಿ ಕಚ್ಚಿಕೊಂಡು ಕಾಯಬಹುದು. ನಿಮ್ಮದು ಟ್ರೇಯಿಂದ ಟ್ರೇಗೆ ಹೆಚ್ಚುತ್ತಿದೆ. ಅಂದರೆ ಆ ಹಲ್ಲು ಬಸ್ಸು ತಪ್ಪಿಸಿಕೊಂಡಿದೆ.

ಒಂದು ಟ್ರೇ ಒಂದು ಹಲ್ಲನ್ನು ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಆಸುಪಾಸು ಸರಿಸುತ್ತದೆ, ಅಷ್ಟೇ. ನೀವು ಹೇಳಿದ ಲೆಕ್ಕ ನೋಡಿದರೆ ಮೂರು ಟ್ರೇಯ ಕೆಲಸ ಬಾಕಿ ಉಳಿದಿದೆ. 12 ಹಾಕಿದರೆ ಬಾಕಿ ತೀರುವುದಿಲ್ಲ, ಬೆಳೆಯುತ್ತದೆ. ಪ್ಲಾಸ್ಟಿಕ್ ಹಲ್ಲಿನ ಮೈಗೆ ಅಂಟಿದ್ದರೆ ಮಾತ್ರ ತಳ್ಳುವುದು. ಹಲ್ಲೇ ಒಳಗಿಲ್ಲದಿದ್ದರೆ ಬೇಡದ ಕಡೆ ಒತ್ತುತ್ತದೆ.

ಈ ನಾಲ್ಕು ವಿಷಯ ನೋಡಿ ಹೇಳಿ.

ಆ ಹಲ್ಲಿನ ಮೇಲೆ ಅಟ್ಯಾಚ್‌ಮೆಂಟ್ ಇತ್ತಾ? ಹಲ್ಲಿನ ಬಣ್ಣದ ಪುಟ್ಟ ಉಬ್ಬು, ಟ್ರೇಗೆ ಹಿಡಿತ ಸಿಗಲಿ ಅಂತ ಅಂಟಿಸುವುದು. ಇದ್ದರೆ ಈಗಲೂ ಇದೆಯಾ? ಕನ್ನಡಿ ನಂಬಬೇಡಿ, ಉಗುರಿನಿಂದ ಸವರಿ ನೋಡಿ.

ಆ ಹಲ್ಲಿನ ಎರಡೂ ಪಕ್ಕ ಫ್ಲಾಸ್ ದಾರ ಹಾಕಿ ನೋಡಿ. ಸಲೀಸಾಗಿ ಇಳಿಯುತ್ತದಾ, ಸಿಕ್ಕಿಕೊಂಡು 'ಟಕ್' ಅನ್ನುತ್ತದಾ, ಹರಿದೇ ಹೋಗುತ್ತದಾ?

ನಡುವೆ ಯಾವುದಾದರೂ ಭೇಟಿ ತಪ್ಪಿಸಿದಿರಾ?

22 ಗಂಟೆ ಅನ್ನುವುದು ಅಂದಾಜೋ, ಅಳತೆಯೋ?

ಹಳೇ ಕ್ಲಿಪ್

ಮೇಲಿನ ಆ ಪುಟ್ಟ ಹಲ್ಲಿನ ಜಾತಿಯೇ ಹಾಗೆ. ಗಾತ್ರ ಸಣ್ಣದು, ಮೈ ನುಣುಪು, ಹಿಡಿಯಲು ಏನೂ ಇಲ್ಲ. ಅಕ್ಕಪಕ್ಕದಿಂದ ಒತ್ತಿದರೆ ಒದ್ದೆ ಸೋಪು ಕೈಯಿಂದ ಜಾರಿದ ಹಾಗೆ ವಸಡಿನ ಕಡೆಗೆ ಜಾರಿಬಿಡುತ್ತದೆ. ಆಮೇಲೆ ಅದನ್ನು ಕೆಳಗೆ ಎಳೆಯುವುದು ಅಲೈನರಿಗೆ ಕಷ್ಟದ ಕೆಲಸ. ತಳ್ಳಲು ಬರುತ್ತದೆ, ಎಳೆಯಲು ಅಷ್ಟು ಬರುವುದಿಲ್ಲ. ನನ್ನ ಎರಡೂ ಕಡೆಯವು ಹೀಗೇ ಆಟ ಆಡಿಸಿವೆ.

ಇನ್ನೊಂದು ಮಾತು. ಹಲ್ಲನ್ನು ಸ್ವಲ್ಪ ಸ್ವಲ್ಪವೇ ಸರಿಸುವ ಅಚ್ಚುಗಳ ಸಾಲು ಅನ್ನುವ ಯೋಚನೆ ಹೊಸದೇನಲ್ಲ. 1945ರಲ್ಲೇ ಕೆಸ್ಲಿಂಗ್ ಅನ್ನುವ ದಂತವೈದ್ಯರು ಇದರ ಬಗ್ಗೆ ಬರೆದಿದ್ದರು. ಆದರೆ ಆಗ ಪ್ರತಿ ಹೆಜ್ಜೆಗೂ ಅಚ್ಚಿನ ಹಲ್ಲನ್ನು ಕೈಯಲ್ಲೇ ಕತ್ತರಿಸಿ ಕೂರಿಸಬೇಕಿತ್ತು. ಕಂಪ್ಯೂಟರ್ ಬಂದ ಮೇಲೆ, 1997ರಲ್ಲಿ ಅಲೈನ್ ಟೆಕ್ನಾಲಜಿ ಕಂಪನಿ ಶುರುವಾದ ಮೇಲೆ, ಇದು ಮನೆಮಾತಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ 24 ಟ್ರೇಗಳೂ ಮೊದಲ ದಿನದ ಒಂದೇ ಸ್ಕ್ಯಾನ್‌ನಿಂದ ಹುಟ್ಟಿದವು. ನಿಮ್ಮ ಹಲ್ಲು 9ರಲ್ಲಿ ನಿಂತುಬಿಟ್ಟಿದೆ ಅನ್ನುವುದು 12ಕ್ಕೆ ಗೊತ್ತಿಲ್ಲ. ಅದನ್ನು ನೋಡಿ ಹೇಳಬೇಕಾದವರು ನೀವೇ.

ಹನ್ನೊಂದರಲ್ಲಿ ನಿಂತವ

ಎಲ್ಲ ಪರೀಕ್ಷೆ ಮಾಡಿದೆ. ಸ್ವಲ್ಪ ನಾಚಿಕೆಯಾಗುತ್ತಿದೆ.

ಅಟ್ಯಾಚ್‌ಮೆಂಟ್: ಇದೆ ಅಂದುಕೊಂಡಿದ್ದೆ. ಉಗುರಿನಿಂದ ಸವರಿದರೆ ಅರ್ಧ ಮಾತ್ರ ಉಳಿದಿದೆ. ವಸಡಿನ ಕಡೆಯ ಭಾಗ ಚೂರಾಗಿ ಹೋಗಿದೆ. ಯಾವಾಗ ಹೋಯಿತೋ ದೇವರಿಗೇ ಗೊತ್ತು.

ಫ್ಲಾಸ್: ಕೋರೆ ಹಲ್ಲಿನ ಕಡೆ ಸಲೀಸು. ಬಾಚಿ ಹಲ್ಲಿನ ಕಡೆ ಇಳಿಯುವುದೇ ಇಲ್ಲ. ಎರಡು ಸಲ ದಾರ ಹರಿಯಿತು.

ಭೇಟಿ: ಹೌದು, 7ನೇ ಟ್ರೇ ಹೊತ್ತಿಗೆ ಒಂದು ಭೇಟಿ ಇತ್ತು. ಪ್ರಯಾಣ ಇದ್ದದ್ದರಿಂದ ಮುಂದೂಡಿದೆ. 14ರವರೆಗಿನ ಟ್ರೇ ಮೊದಲೇ ಕೈಗೆ ಕೊಟ್ಟಿದ್ದರು, ಹಾಗಾಗಿ ತೊಂದರೆಯಿಲ್ಲ ಅಂದುಕೊಂಡೆ.

ಗಂಟೆ: ನಿನ್ನೆ ಮೊಬೈಲಿನಲ್ಲಿ ಟೈಮರ್ ಇಟ್ಟೆ. ಟ್ರೇ ಬಾಯಿಂದ ಹೊರಗಿದ್ದದ್ದು 5 ಗಂಟೆ 10 ನಿಮಿಷ! ಊಟ ತಿಂಡಿಗೆ ಎರಡು ಗಂಟೆ ಸರಿ. ಕಾಫಿ ಗುಟುಕರಿಸುತ್ತಾ ಕೂತದ್ದು ಒಂದು ಗಂಟೆ. ಮಾತಾಡುವಾಗ 'ಸ' ಕಾರ ಸೀಟಿ ಹೊಡೆಯುತ್ತದೆ ಅಂತ ಮೀಟಿಂಗ್‌ನಲ್ಲಿ ತೆಗೆದದ್ದು ಒಂದೂವರೆ ಗಂಟೆ. ಉಳಿದದ್ದು, ತೆಗೆದಿಟ್ಟು ಮರೆತದ್ದು.

ಬಿಳಿ ಕೋಟು

ನಾಚಿಕೆ ಯಾಕೆ, ಗಂಟೆಯ ಲೆಕ್ಕದಲ್ಲಿ ಎಲ್ಲರೂ ಹೀಗೇ. ಆದರೆ ಗಮನಿಸಿ, ಗಂಟೆ ಕಡಿಮೆಯಾದದ್ದೇ ಮುಖ್ಯ ಕಾರಣವಾಗಿದ್ದರೆ ಎಲ್ಲ ಹಲ್ಲುಗಳೂ ಹಿಂದೆ ಬೀಳಬೇಕಿತ್ತು, ಕನಿಷ್ಠ ಮೂರ್ನಾಲ್ಕು. ನಿಮ್ಮಲ್ಲಿ ಒಂದೇ ಹಲ್ಲು ಬಿದ್ದಿದೆ. ಹಾಗಾಗಿ ನನ್ನ ಅನುಮಾನ ಫ್ಲಾಸ್ ಮೇಲೆ, ಮತ್ತು ತಪ್ಪಿದ ಆ ಭೇಟಿಯ ಮೇಲೆ.

ಹಲ್ಲು ಏರಿಕೊಂಡಿರುವ ದೊಡ್ಡವರಲ್ಲಿ ಜಾಗ ಮಾಡಲು ಐಪಿಆರ್ ಅಂತ ಒಂದು ಕೆಲಸ ಮಾಡುತ್ತಾರೆ. ಎರಡು ಹಲ್ಲಿನ ನಡುವೆ ತೆಳುವಾದ ಉಜ್ಜುಪಟ್ಟಿ ಹಾಕಿ ಎನಾಮೆಲ್ಲಿನ ಮೇಲ್ಪದರವನ್ನು ಚೂರೇ ಚೂರು ತೆಗೆಯುವುದು. ಒಂದು ಸಂದಿಗೆ ಸಾಮಾನ್ಯವಾಗಿ 0.1ರಿಂದ 0.5 ಮಿಲಿಮೀಟರ್. ಅದನ್ನು ಯಾವ ಟ್ರೇಗೆ ಮೊದಲು ಮಾಡಬೇಕು ಅಂತ ಯೋಜನೆಯಲ್ಲೇ ಬರೆದಿರುತ್ತದೆ. ನಿಮಗೆ ತೋರಿಸಿದ ಕಂಪ್ಯೂಟರ್ ಚಿತ್ರದಲ್ಲಿ ಹಲ್ಲಿನ ನಡುವೆ ಸಣ್ಣ ಅಂಕಿಗಳು ಇದ್ದವಾ, ನೆನಪಿಸಿಕೊಳ್ಳಿ. 7ರ ಹೊತ್ತಿನ ಭೇಟಿ ಬಹುಶಃ ಅದಕ್ಕೇ ಇದ್ದದ್ದು. ಜಾಗ ಸಿಕ್ಕಿದೆ ಅಂದುಕೊಂಡು ಟ್ರೇ ಹಲ್ಲನ್ನು ತಿರುಗಿಸಲು ಹೊರಟಿದೆ. ಇಲ್ಲಿ ಜಾಗವೇ ಇಲ್ಲ. ಬಾಗಿಲು ಮುಚ್ಚಿದ ಕೋಣೆಗೆ ಬೀರು ತಳ್ಳಿದ ಹಾಗೆ.

ಇದರ ಮೇಲೆ ಅಟ್ಯಾಚ್‌ಮೆಂಟ್ ಅರ್ಧ. ಹಿಡಿತವೂ ಇಲ್ಲ, ಜಾಗವೂ ಇಲ್ಲ.

ನಾಳೆಯೇ ಕ್ಲಿನಿಕ್ಕಿಗೆ ಫೋನ್ ಮಾಡಿ. ಐದು ವಾರ ಕಾಯಬೇಡಿ. ಫೋನಿನಲ್ಲಿ "ಟ್ರೇ ಕೂರುತ್ತಿಲ್ಲ" ಅಂತ ಮಾತ್ರ ಹೇಳಬೇಡಿ. ಯಾವ ಹಲ್ಲು, ಎಷ್ಟು ಜಾಗ, ಯಾವ ಟ್ರೇಯಿಂದ, ಫ್ಲಾಸ್ ಎಲ್ಲಿ ಇಳಿಯುತ್ತಿಲ್ಲ, ಅಟ್ಯಾಚ್‌ಮೆಂಟ್ ಮುರಿದಿದೆ, ಇಷ್ಟನ್ನೂ ಹೇಳಿ. ಟ್ರೇ ಹಾಕಿ ತುಟಿ ಎತ್ತಿ, ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ಕಳಿಸಿ. ಆಗ ಬೇಗ ಕರೆಯುತ್ತಾರೆ.

ಅಲ್ಲಿಯವರೆಗೆ 12 ಮುಟ್ಟಬೇಡಿ. ಹಳೇ ಟ್ರೇ ಇಟ್ಟುಕೊಂಡಿದ್ದೀರಾ?

ಹನ್ನೊಂದರಲ್ಲಿ ನಿಂತವ

1ರಿಂದ 7 ಎಸೆದೆ. 8, 9, 10 ಡ್ರಾಯರಿನಲ್ಲಿವೆ. 8ಕ್ಕೇ ವಾಪಸ್ ಹೋಗಲಾ? ಅದರಲ್ಲಿ ಪೂರ್ತಿ ಕೂರುತ್ತಿತ್ತು.

ಬಿಳಿ ಕೋಟು

ಅಷ್ಟು ಹಿಂದೆ ಬೇಡ. ಬಾಕಿ ಹಲ್ಲುಗಳು 11ರವರೆಗೆ ಬಂದಿವೆ. 8 ಹಾಕಿದರೆ ಅವನ್ನೆಲ್ಲ ಹಿಂದಕ್ಕೆ ಎಳೆದಂತಾಗುತ್ತದೆ, ಬಿಗಿಯೂ ಆಗುತ್ತದೆ. ಮೊದಲು 10 ಹಾಕಿ ಚೂಯಿ ಕಚ್ಚಿ ನೋಡಿ. ಪುಟ್ಟ ಹಲ್ಲು ಕೂತರೆ ಅಲ್ಲೇ ನಿಲ್ಲಿ. ಕೂರದಿದ್ದರೆ 9. ಆ ಹಲ್ಲು ಪೂರ್ತಿ ಕೂರುವ ಟ್ರೇಗಳಲ್ಲಿ ಹೊಸದು ಯಾವುದೋ ಅದೇ ಸದ್ಯಕ್ಕೆ ನಿಮ್ಮ ಟ್ರೇ. ಫೋನ್ ಮಾಡಿದಾಗ ಇದನ್ನೂ ಕೇಳಿ ಖಚಿತ ಮಾಡಿಕೊಳ್ಳಿ.

ಓಟಗಾರ

ಸರಿ ಸರಿ, ನನ್ನ ಸಲಹೆ ವಾಪಸ್. ಒಂದು ಡೌಟು. ಆ ಟ್ರೇಯನ್ನು ಬಿಸಿ ನೀರಿನಲ್ಲಿ ಸ್ವಲ್ಪ ಮೆತ್ತಗೆ ಮಾಡಿ ಒತ್ತಿದರೆ ಕೂರುವುದಿಲ್ಲವಾ?

ನಿಧಾನಿ

ಅಯ್ಯೋ, ಬೇಡ. ಅದು ಶಾಖಕ್ಕೆ ಆಕಾರ ಬದಲಿಸುವ ಪ್ಲಾಸ್ಟಿಕ್. ಮುಕ್ಕಾಲು ಮಿಲಿಮೀಟರ್ ದಪ್ಪ ಇರುತ್ತದೆ ಅಷ್ಟೇ. ನಾನು ಒಮ್ಮೆ ಬಿಸಿ ನೀರಿನಲ್ಲಿ ತೊಳೆದು ಒಂದು ಟ್ರೇ ಸೊಟ್ಟ ಮಾಡಿಕೊಂಡೆ, ಆಮೇಲೆ ಅದು ಯಾವ ಹಲ್ಲಿಗೂ ಕೂರಲಿಲ್ಲ. ತಣ್ಣೀರು, ಮೆದು ಸೋಪು, ಮೆದು ಬ್ರಷ್. ಟೂತ್‌ಪೇಸ್ಟ್ ಕೂಡ ಬೇಡ, ಗೀರು ಬಿದ್ದು ಮಸುಕಾಗುತ್ತದೆ. ಇದೇ ಕಾರಣಕ್ಕೆ ಟ್ರೇ ಹಾಕಿಕೊಂಡು ಬಿಸಿ ಕಾಫಿ ಕುಡಿಯಬಾರದು. ಬಣ್ಣ ಹಿಡಿಯುತ್ತದೆ, ಹಲ್ಲಿಗೂ ಪ್ಲಾಸ್ಟಿಕ್ಕಿಗೂ ನಡುವೆ ಸಕ್ಕರೆ ನಿಲ್ಲುತ್ತದೆ. ಟ್ರೇ ಜೊತೆ ನೀರು ಮಾತ್ರ.

ಓದುವವರಿಗೆ ಇನ್ನೊಂದು ಮಾತು: ಐಪಿಆರ್ ವಿಷಯ ಓದಿ ಯಾರೂ ಮನೆಯಲ್ಲಿ ಉಗುರಿನ ಅರ ತಗೊಂಡು ಹಲ್ಲು ಉಜ್ಜಲು ಹೋಗಬೇಡಿ. ಹೀಗೆ ಮಾಡಿದ ಮಹಾನುಭಾವರೂ ಇದ್ದಾರೆ. ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಟ್ರೇಯ ಅಂಚು ನಾಲಿಗೆಗೆ ಚುಚ್ಚಿದರೆ ಆ ಅಂಚನ್ನು ಅರದಿಂದ ನುಣುಪು ಮಾಡಬಹುದು, ಅಷ್ಟೇ.

ಮೀಟಿಂಗ್ ಸೀಟಿಗೆ ಒಂದೇ ಮದ್ದು: ತೆಗೆಯದೇ ಇರುವುದು. ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿ. ತೆಗೆದು ಹಾಕಿ ಮಾಡಿದಷ್ಟೂ ನಾಲಿಗೆ ಹೊಸ ಜಾಗ ಕಲಿಯುವುದು ತಡ.

ಹನ್ನೊಂದರಲ್ಲಿ ನಿಂತವ

ಏಳು ವಾರದ ಬಳಿಕ ಬರೆಯುತ್ತಿದ್ದೇನೆ. ಹುಡುಕಿಕೊಂಡು ಬರುವವರಿಗೆ ಉಪಯೋಗ ಆಗಲಿ.

ಫೋಟೋ ಕಳಿಸಿದ ಮೂರನೇ ದಿನ ಕರೆದರು. ಬಿಳಿ ಕೋಟು ಹೇಳಿದ್ದೇ ನಿಜ. 8ಕ್ಕೆ ಮೊದಲು ಆ ಸಂದಿಯಲ್ಲಿ 0.3 ಮಿಲಿಮೀಟರ್ ಐಪಿಆರ್ ಆಗಬೇಕಿತ್ತು. ಅದಕ್ಕೇ ಇದ್ದ ಭೇಟಿಯನ್ನು ನಾನು ಮುಂದೂಡಿದ್ದೆ. ಉಜ್ಜುಪಟ್ಟಿ ಹಾಕಿದ್ದು ಐದಾರು ನಿಮಿಷ. ನೋವಿಲ್ಲ, ಆದರೆ ಆ ಕರಕರ ಸದ್ದು ತಲೆಬುರುಡೆಯೊಳಗೇ ಕೇಳಿದ ಹಾಗಿತ್ತು. ಅಚ್ಚಿನ ಟ್ರೇ ಇಟ್ಟು ಹೊಸ ಅಟ್ಯಾಚ್‌ಮೆಂಟ್ ಅಂಟಿಸಿದರು.

10ರಲ್ಲಿ ಹಲ್ಲು ಕೂರಲಿಲ್ಲ. ಹಾಗಾಗಿ 9ರಲ್ಲೇ ಎರಡು ವಾರ. ಆಮೇಲೆ 10 ಎರಡು ವಾರ. ಆಗಲೂ ಚೂರು ಜಾಗ ಉಳಿಯಿತು. ಹಳೇ ಕ್ಲಿಪ್ ಹೇಳಿದಂತೆ ಹಲ್ಲು ಸ್ವಲ್ಪ ವಸಡಿನ ಕಡೆ ಜಾರಿತ್ತಂತೆ. ಅದಕ್ಕೆ ಹಲ್ಲಿನ ಮುಂದೊಂದು ಹಿಂದೊಂದು ಪುಟಾಣಿ ಬಟನ್ ಅಂಟಿಸಿ, ಟ್ರೇಯಲ್ಲಿ ಅದಕ್ಕೆ ಕಿಂಡಿ ಕತ್ತರಿಸಿ, ಟ್ರೇಯ ತುದಿಯ ಮೇಲಿಂದ ಸಣ್ಣ ರಬ್ಬರ್ ಬ್ಯಾಂಡ್ ಹಾಕಿಸಿದರು. ಅದು ಹಲ್ಲನ್ನು ಟ್ರೇ ಒಳಗೆ ಎಳೆಯುತ್ತದೆ. ಮೊದಲ ದಿನ ಬ್ಯಾಂಡ್ ಹಾಕಲು ಕನ್ನಡಿ ಮುಂದೆ ಹದಿನೈದು ನಿಮಿಷ ಒದ್ದಾಡಿದೆ, ಎರಡು ಬ್ಯಾಂಡ್ ಹಾರಿ ವಾಶ್ ಬೇಸಿನ್ ಸೇರಿದವು. ಈಗ ಕಣ್ಣು ಮುಚ್ಚಿ ಹಾಕುತ್ತೇನೆ.

11ನೇ ಟ್ರೇ ಹತ್ತು ದಿನದಿಂದ ಹಾಕಿದ್ದೇನೆ. ಪೂರ್ತಿ ಕೂತಿದೆ. ಫ್ಲಾಸ್ ಎರಡೂ ಕಡೆ ಇಳಿಯುತ್ತಿದೆ. ಟೈಮರ್ ಪ್ರಕಾರ ಟ್ರೇ ಹೊರಗಿರುವುದು ದಿನಕ್ಕೆ ಎರಡು ಗಂಟೆ ಚಿಲ್ಲರೆ. ಕಾಫಿಯನ್ನು ಊಟದ ಜೊತೆಗೇ ಮುಗಿಸುತ್ತೇನೆ, ಬೇಸರವೇ, ಆದರೂ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಟ್ರೇ ತೆಗೆದು ಬಾಯಿ ಮುಚ್ಚಿದಾಗ ಹಿಂದಿನ ದವಡೆ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ತಾಗುತ್ತಿಲ್ಲ ಅನ್ನಿಸುತ್ತದೆ. ಇದೂ ಹೊಸ ತಕರಾರಾ?

ಬಿಳಿ ಕೋಟು

ದಿನವಿಡೀ ಎರಡು ಪದರ ಪ್ಲಾಸ್ಟಿಕ್ ಕಚ್ಚುತ್ತಿರುವುದರಿಂದ ದವಡೆ ಹಲ್ಲುಗಳು ಸ್ವಲ್ಪ ಒಳಕ್ಕೆ ಒತ್ತಿಹೋಗುವುದುಂಟು. ಸಣ್ಣ ಪ್ರಮಾಣದಲ್ಲಿದ್ದರೆ ಚಿಕಿತ್ಸೆ ಮುಗಿದು ಟ್ರೇ ಹೊತ್ತು ಕಡಿಮೆಯಾದಾಗ ಬಹಳಷ್ಟು ಜನರಲ್ಲಿ ತಾನಾಗೇ ಮತ್ತೆ ತಾಗುತ್ತದೆ. ಮುಂದಿನ ಭೇಟಿಯಲ್ಲಿ ಹೇಳಿ, ಬಣ್ಣದ ಕಾಗದ ಕಚ್ಚಿಸಿ ಎಲ್ಲೆಲ್ಲಿ ತಾಗುತ್ತಿದೆ ನೋಡುತ್ತಾರೆ. ಅಗಿಯಲು ಕಷ್ಟವಾದರೆ ಮಾತ್ರ ಬೇಗ ಹೋಗಿ.

ಆ ಭೇಟಿ ಮುಂದೂಡಬೇಡಿ ಮತ್ತೆ.

ಹಳೇ ಕ್ಲಿಪ್

10, 11 ಎಸೆಯಬೇಡಿ. 12 ಹಾಕಿದಾಗ 10 ಮತ್ತು 11, 13 ಹಾಕಿದಾಗ 11 ಮತ್ತು 12, ಹೀಗೆ ಹಿಂದಿನ ಎರಡು ಯಾವಾಗಲೂ ಡಬ್ಬಿಯಲ್ಲಿರಲಿ. ಟ್ರೇ ಕಳೆದುಹೋದರೂ ಅದೇ ಗತಿ. ಮುಗಿದ ಮೇಲೆ ರಾತ್ರಿ ರಿಟೇನರ್ (ಸರಿಹೋದ ಹಲ್ಲು ಮತ್ತೆ ಜರುಗದಂತೆ ಹಿಡಿದಿಡುವ ಸಾಧನ) ಹಾಕುವುದನ್ನು ಬಿಡಬೇಡಿ. ನಾನು ಹದಿಹರೆಯದಲ್ಲಿ ಎರಡು ವರ್ಷ ತಂತಿ ಹಾಕಿಸಿಕೊಂಡು, ರಿಟೇನರ್ ಡ್ರಾಯರಿಗೆ ಎಸೆದವನು. ನನ್ನ ಹೆಸರು ನೋಡಿ.